ಐದನೇ ಹಂತದಿಂದ ಪ್ರೀಮಿಯರ್ ಲೀಗ್‌ವರೆಗೆ ಒಂದೇ ಕ್ಲಬ್‌ನಲ್ಲಿ: ಪೆಲಿ ರಡಕ್ ಎಂಪಾಂಜು ಬಗ್ಗೆ ಮಾತಾಡೋಣ

ಬಸವನಗುಡಿ_17

ಇಲ್ಲಿ ಸ್ಟ್ರೈಕರ್‌ಗಳ ಬಗ್ಗೆ ದಿನಾ ಚರ್ಚೆ ಆಗುತ್ತೆ. ಇವತ್ತು ಒಬ್ಬ ಮಿಡ್‌ಫೀಲ್ಡರ್, ಅಂದರೆ ಮೈದಾನದ ನಡುವೆ ಆಡುವವನ ಬಗ್ಗೆ ಬರೀಬೇಕು ಅನ್ನಿಸಿತು. ಮನಸ್ಸಿನಲ್ಲಿ ಬಹಳ ದಿನದಿಂದ ಇತ್ತು.

2013ರಲ್ಲಿ ಬೆಂಗಳೂರು ಎಫ್‌ಸಿ ಶುರುವಾಯಿತು. ಆಗ ಮ್ಯಾಚ್ ನಡೀತಿದ್ದದ್ದು ಅಶೋಕನಗರದ ಹಳೇ ಫುಟ್‌ಬಾಲ್ ಸ್ಟೇಡಿಯಂನಲ್ಲಿ. ಡಿಫೆನ್ಸ್‌ನಲ್ಲಿ ಜಾನ್ ಜಾನ್ಸನ್, ಕರ್ಟಿಸ್ ಒಸಾನೊ ಜೋಡಿ. ಒಸಾನೊ ಆಟ ನೋಡಿ, ಈ ಮನುಷ್ಯ ಎಲ್ಲಿಂದ ಬಂದ ಅಂತ ಮನೆಗೆ ಹೋಗಿ ಹುಡುಕಿದೆ. ಕೀನ್ಯಾದ ಆಟಗಾರ, ಎರಡು ವರ್ಷ ಹಿಂದೆ ಇಂಗ್ಲೆಂಡಿನ ಲೂಟನ್ ಟೌನ್‌ನಲ್ಲಿ ಆಡಿದ್ದ. ಆ ಲೂಟನ್ ಆಗ ಐದನೇ ಹಂತದ ಲೀಗ್‌ನಲ್ಲಿತ್ತು. ಅಲ್ಲಿಂದ ನನಗೆ ಲೂಟನ್ ಹುಚ್ಚು ಹಿಡಿಯಿತು. ವಾರ ವಾರ ಸ್ಕೋರ್ ನೋಡೋದು, ರೇಡಿಯೊ ಕಾಮೆಂಟರಿ ಸಿಕ್ಕರೆ ಕೇಳೋದು.

ಅದೇ ಸೀಸನ್‌ನಲ್ಲಿ, 2013ರ ನವೆಂಬರ್‌ನಲ್ಲಿ, ಪ್ರೀಮಿಯರ್ ಲೀಗ್ ಕ್ಲಬ್ ವೆಸ್ಟ್ ಹ್ಯಾಮ್‌ನಿಂದ 19 ವರ್ಷದ ಒಬ್ಬ ಹುಡುಗ ಲೋನ್ ಮೇಲೆ, ಅಂದರೆ ಸ್ವಲ್ಪ ಕಾಲಕ್ಕೆ ಎರವಲಾಗಿ, ಲೂಟನ್‌ಗೆ ಬಂದ. ಪೆಲಿ ರಡಕ್ ಎಂಪಾಂಜು. ವೆಸ್ಟ್ ಹ್ಯಾಮ್‌ಗೆ ಅವನು ಒಂದು ಲೀಗ್ ಮ್ಯಾಚ್ ಕೂಡ ಆಡಿರಲಿಲ್ಲ. 2014ರ ಜನವರಿಯಲ್ಲಿ ಲೂಟನ್ ಅವನನ್ನ ಖಾಯಂ ಆಗಿ ತಗೊಂಡಿತು. ದೊಡ್ಡ ಕ್ಲಬ್‌ನಲ್ಲಿ ಜಾಗ ಸಿಗದೆ ನಾಲ್ಕು ಮೆಟ್ಟಿಲು ಕೆಳಗೆ ಇಳಿದ ಹುಡುಗ. ಇಂಥವರು ಪ್ರತಿ ವರ್ಷ ನೂರಾರು ಮಂದಿ. ಹೆಚ್ಚಿನವರ ಹೆಸರು ಆಮೇಲೆ ಕೇಳೋದೇ ಇಲ್ಲ.

ಆ ಸೀಸನ್ ಲೂಟನ್ 101 ಪಾಯಿಂಟ್ ತಗೊಂಡು ಗೆದ್ದಿತು. ಎರಡನೇ ಸ್ಥಾನದ ಕೇಂಬ್ರಿಜ್‌ಗಿಂತ 19 ಪಾಯಿಂಟ್ ಮುಂದೆ. 2014ರ ಅದೇ ಏಪ್ರಿಲ್‌ನಲ್ಲಿ ನಮ್ಮ ಬಿಎಫ್‌ಸಿ ಗೋವಾದಲ್ಲಿ ಡೆಂಪೊ ತಂಡವನ್ನ 4-2ರಿಂದ ಸೋಲಿಸಿ ಮೊದಲ ವರ್ಷವೇ ಐ-ಲೀಗ್ ಗೆದ್ದಿತು. ನನಗೆ ಎರಡೂ ಖುಷಿ ಒಂದೇ ತಿಂಗಳಲ್ಲಿ ಬಂತು.

ಆಮೇಲೆ ನಾಲ್ಕನೇ ಹಂತದ ಲೀಗ್ ಟೂ, ಮೂರನೇ ಹಂತದ ಲೀಗ್ ಒನ್, ಎರಡನೇ ಹಂತದ ಚಾಂಪಿಯನ್‌ಶಿಪ್. 2023ರಲ್ಲಿ ಎಲ್ಲಕ್ಕಿಂತ ಮೇಲಿನ ಪ್ರೀಮಿಯರ್ ಲೀಗ್. ಈ ಐದೂ ಹಂತದಲ್ಲಿ ಒಂದೇ ಕ್ಲಬ್ ಪರ ಆಡುತ್ತಾ ಮೇಲೆ ಬಂದ ಮೊದಲ ಆಟಗಾರ ಎಂಪಾಂಜು. ಜೇಮಿ ವಾರ್ಡಿ ಕೂಡ ಕೆಳಗಿಂದಲೇ ಬಂದವನು, ಆದರೆ ಅವನು ಕ್ಲಬ್ ಬದಲಿಸುತ್ತಾ ಹತ್ತಿದ. ಎಂಪಾಂಜು ಮನೆಯ ಜೊತೆಗೇ ಮೇಲೆ ಬಂದ.

ಇದು ಸುಮ್ನೆ ಸಿಕ್ಕ ಭಾಗ್ಯ ಅಲ್ಲ ಅನ್ನೋದು ನನ್ನ ನಂಬಿಕೆ. ನಿಮ್ಮ ಅಭಿಪ್ರಾಯ ಹೇಳಿ.

---

ಚಹಾಮತ್ತುಸ್ಕೋರ್

ಬರಹ ಚೆನ್ನಾಗಿದೆ. ಆದರೆ ಒಂದು ಮಾತು ನೇರವಾಗಿ ಕೇಳ್ತೀನಿ. ಬೇರೆ ದೊಡ್ಡ ಕ್ಲಬ್‌ನವರು ಕೇಳಿಕೊಂಡು ಬಂದಿದ್ದರೆ ಇವನು ಇರುತ್ತಿದ್ದನಾ? ಗೋಲ್ ಲೆಕ್ಕ ನೋಡಿದರೆ ಬಹಳ ಕಡಿಮೆ. ಕ್ಲಬ್ ಮೇಲೆ ಹೋಯಿತು, ಇವನು ಬಸ್ಸಿನಲ್ಲಿ ಕೂತಿದ್ದ, ಅವನೂ ಊರು ಸೇರಿದ. ನಿಷ್ಠೆ ಅನ್ನೋ ದೊಡ್ಡ ಪದ ಬೇಕಾ?

---

ಗೌತಮಪುರ_ಆರನೇನಂಬರ್

ಚಹಾ ಅವರೇ, ನಾನು ಬೆಂಗಳೂರು ಲೀಗ್‌ನಲ್ಲಿ ಹನ್ನೊಂದು ವರ್ಷ ಇದೇ ಜಾಗದಲ್ಲಿ ಆಡಿದವನು. ಈಗ ಮಕ್ಕಳಿಗೆ ಹೇಳಿಕೊಡ್ತೀನಿ. ಮಿಡ್‌ಫೀಲ್ಡರ್‌ನ ಗೋಲ್ ಲೆಕ್ಕದಿಂದ ಅಳೆಯೋದು ಅಡುಗೆಯವನನ್ನ ಅವನು ಎಷ್ಟು ತಿಂದ ಅನ್ನೋದರಿಂದ ಅಳೆದ ಹಾಗೆ.

ಎಂಪಾಂಜು ಆಟದ ವಿಡಿಯೊ ಹಾಕಿಕೊಂಡು ಚೆಂಡನ್ನ ಬಿಟ್ಟು ಅವನನ್ನೇ ನೋಡಿ. ಗೋಲ್‌ಕೀಪರ್ ಉದ್ದಕ್ಕೆ ಒದೀತಾನೆ. ಮುಂದೆ ಇಬ್ಬರು ಎತ್ತರದವರು ಹಾರುತ್ತಾರೆ. ಚೆಂಡು ತಲೆಗೆ ತಗುಲಿ ಎಲ್ಲಿಗೋ ಬೀಳುತ್ತೆ. ಅದನ್ನ ನಾವು ಸೆಕೆಂಡ್ ಬಾಲ್ ಅಂತೀವಿ. ಕೆಳಗಿನ ಲೀಗ್‌ಗಳಲ್ಲಿ ಅರ್ಧ ಆಟ ಅಲ್ಲೇ ತೀರ್ಮಾನ ಆಗುತ್ತೆ. ಚೆಂಡು ಗಾಳಿಯಲ್ಲಿ ಇರುವಾಗಲೇ ಒಂದು ಸಲ ಭುಜದ ಮೇಲಿಂದ ಹಿಂದೆ ನೋಡಬೇಕು. ಬಿದ್ದ ಚೆಂಡಿಗೆ ಮೊದಲು ಮೈ ಅಡ್ಡ ಇಡಬೇಕು, ಆಮೇಲೆ ಕಾಲು. ಹಿಂದಿಂದ ಗುದ್ದಿದರೂ ಬೀಳಬಾರದು. ತಿರುಗಿ ಹತ್ತು ಹೆಜ್ಜೆ ಚೆಂಡು ಹಿಡಿದು ಓಡಬೇಕು. ಆ ಹತ್ತು ಹೆಜ್ಜೆಯಲ್ಲಿ ಎದುರಾಳಿಯ ಸಾಲು ಒಡೆಯುತ್ತೆ.

ಎಂಪಾಂಜುಗೆ ಇದು ಬರುತ್ತೆ. ಗಟ್ಟಿ ಮೈ, ಮೇಲಿಂದ ಕೆಳಗೆ ಓಡುವ ಶಕ್ತಿ. ಕೆಲವು ಸಲ ಬಲ ಬದಿಯ ಡಿಫೆಂಡರ್ ಜಾಗದಲ್ಲೂ ನಿಲ್ಲಿಸಿದ್ದಾರೆ, ಅಲ್ಲೂ ನಿಂತಿದ್ದಾನೆ. ಆದರೆ ನಿಜವಾದ ಪರೀಕ್ಷೆ ಬೇರೆ ಇದೆ. ಐದನೇ ಹಂತದಲ್ಲಿ ಚೆಂಡು ಕಾಲಿಗೆ ಸಿಕ್ಕ ಮೇಲೆ ಯೋಚಿಸೋಕೆ ಒಂದು ಉಸಿರು ಸಿಗುತ್ತೆ. ಮೂರನೇ ಹಂತದಲ್ಲಿ ಅರ್ಧ ಉಸಿರು. ಮೇಲೆ ಅದೂ ಇಲ್ಲ. ಪ್ರತಿ ಹಂತಕ್ಕೂ ಆಟವನ್ನ ಹೊಸದಾಗಿ ಕಲೀಬೇಕು. ಅದೂ ಇಪ್ಪತ್ತರಿಂದ ಮೂವತ್ತರ ವಯಸ್ಸಿನಲ್ಲಿ, ವಾರಕ್ಕೆ ಎರಡು ಮ್ಯಾಚ್ ಆಡುತ್ತಾ.

---

ಬಸವನಗುಡಿ_17

ಗೌತಮಪುರ ಸಾರ್ ಹೇಳಿದ್ದಕ್ಕೆ ಇನ್ನೊಂದು ಸೇರಿಸ್ತೀನಿ. ಚಹಾ ಅವರ ಪ್ರಶ್ನೆಗೆ ನನ್ನ ಉತ್ತರ ಇಲ್ಲೇ ಇದೆ.

ಕ್ಲಬ್ ಮೇಲಕ್ಕೆ ಹೋದಾಗ ಇರುವ ಆಟಗಾರನಿಗೆ ಕೆಲಸ ಗಟ್ಟಿಯಾಗುತ್ತೆ ಅಂತ ನಾವು ಅಂದುಕೊಳ್ತೀವಿ. ನಡೆಯೋದು ಉಲ್ಟಾ. ಮೇಲಿನ ಲೀಗ್‌ಗೆ ಹೋದ ಕೂಡಲೇ ದುಡ್ಡು ಬರುತ್ತೆ. ದುಡ್ಡು ಬಂದ ಕೂಡಲೇ ಹೊಸ ಮಿಡ್‌ಫೀಲ್ಡರ್ ಬರ್ತಾನೆ. ಆ ಹೊಸಬ ಬರೋದು ಹಳಬನ ಜಾಗಕ್ಕೆ. ಅಂದರೆ ಕಪ್ ಎತ್ತಿ ಕುಣಿದ ಹುಡುಗರಲ್ಲಿ ಅರ್ಧ ಜನ ತಮ್ಮ ಕೆಲಸ ಹೋಗೋದಕ್ಕೂ ಕುಣಿದಿರ್ತಾರೆ. 2014ರ ಆ ತಂಡದಲ್ಲಿ 30 ಲೀಗ್ ಗೋಲ್ ಹೊಡೆದ ಆಂದ್ರೆ ಗ್ರೇ ಮರು ಸೀಸನ್ನಿಗೇ ಬೇರೆ ಕಡೆ ಹೋದ. ಉಳಿದವರೂ ಒಬ್ಬೊಬ್ಬರಾಗಿ ಹೋದರು.

ಮ್ಯಾನೇಜರ್‌ಗಳನ್ನೂ ನೋಡಿ. ಕರೆತಂದದ್ದು ಜಾನ್ ಸ್ಟಿಲ್. ಆಮೇಲೆ ನೇಥನ್ ಜೋನ್ಸ್. ಅವರು 2019ರ ಜನವರಿಯಲ್ಲಿ ಸ್ಟೋಕ್‌ಗೆ ಹೋದಾಗ ತಾತ್ಕಾಲಿಕವಾಗಿ ಮಿಕ್ ಹಾರ್ಫರ್ಡ್. 1988ರಲ್ಲಿ ಆರ್ಸೆನಲ್ ವಿರುದ್ಧ ಲೀಗ್ ಕಪ್ ಫೈನಲ್ ಗೆದ್ದ ಲೂಟನ್ ತಂಡದ ಸ್ಟ್ರೈಕರ್ ಅವರು. ಆಮೇಲೆ ಗ್ರೇಮ್ ಜೋನ್ಸ್, ಮತ್ತೆ ನೇಥನ್ ಜೋನ್ಸ್, ಕೊನೆಗೆ ರಾಬ್ ಎಡ್ವರ್ಡ್ಸ್. ಪ್ರತಿಯೊಬ್ಬರಿಗೂ ಒಂದೊಂದು ಆಟದ ಪದ್ಧತಿ. ಬಂದವರೆಲ್ಲ ಮೊದಲ ವಾರ ಪಟ್ಟಿ ನೋಡಿ, ಇವನು ನಮಗೆ ಬೇಕಾ ಅಂತ ಕೇಳಿರ್ತಾರೆ. ಪ್ರತಿ ಸಲವೂ ಉತ್ತರ ಬೇಕು ಅಂತಲೇ ಬಂತು. 300ಕ್ಕೂ ಜಾಸ್ತಿ ಮ್ಯಾಚ್ ಹಾಗೆ ಆದದ್ದು. ಬಸ್ಸಿನಲ್ಲಿ ಕೂತವನಿಗೆ ಇಷ್ಟು ಸಲ ಟಿಕೆಟ್ ಕೇಳಲ್ಲ ಗುರು.

---

ಲೂಟನ್_ಕನ್ನಡಿಗ

ಎಲ್ಲರಿಗೂ ನಮಸ್ಕಾರ. ನಾನು ಹಾಸನದವನು, ಒಂಬತ್ತು ವರ್ಷದಿಂದ ಲೂಟನ್‌ನಲ್ಲೇ ಇದ್ದೀನಿ. ಈ ಚರ್ಚೆಯನ್ನ ನನ್ನ ತಂಗಿ ಕಳಿಸಿದಳು. ಓದಿ ಕಣ್ಣು ಒದ್ದೆಯಾಯಿತು.

ಊರಿನ ಬಗ್ಗೆ ಸ್ವಲ್ಪ ಹೇಳಬೇಕು. ಹಿಂದೆ ಇದು ಹುಲ್ಲಿನ ಟೋಪಿ ಹೆಣೆಯುವ ಊರು. ಅದಕ್ಕೇ ತಂಡದವರನ್ನ ಹ್ಯಾಟರ್ಸ್ ಅಂತ ಕರೀತಾರೆ. ಕೆನಿಲ್‌ವರ್ತ್ ರೋಡ್ ಮೈದಾನ ಇರೋದು ಬರಿ ಪಾರ್ಕ್ ಅನ್ನೋ ಕಡೆ. ಅಲ್ಲಿ ಪಾಕಿಸ್ತಾನ, ಬಾಂಗ್ಲಾದೇಶ ಮೂಲದವರು ಬಹಳ. ಮ್ಯಾಚ್ ದಿನ ಸ್ಟೇಡಿಯಂಗೆ ನಡೀತಾ ಹೋದರೆ ಸಮೋಸ ಕರಿಯುವ ವಾಸನೆ, ಸ್ವೀಟ್ ಅಂಗಡಿ, ಬಟ್ಟೆ ಅಂಗಡಿ. ನನಗೆ ಮೊದಲ ಸಲ ಈ ದೇಶದಲ್ಲಿ ಮನೆಗೆ ಹತ್ತಿರ ಅನ್ನಿಸಿದ್ದು ಆ ರಸ್ತೆಯಲ್ಲೇ.

ಓಕ್ ರೋಡ್ ಗೇಟ್ ನೋಡದವರಿಗೆ ನಂಬೋದು ಕಷ್ಟ. ಸಾಲಾಗಿ ಒಂದಕ್ಕೊಂದು ಅಂಟಿಕೊಂಡ ಇಟ್ಟಿಗೆ ಮನೆಗಳು. ಆ ಸಾಲಿನ ಮಧ್ಯೆಯೇ, ಒಂದು ಮನೆಯ ಬಾಗಿಲು ಇರಬೇಕಾದ ಜಾಗದಲ್ಲಿ, ಎದುರು ತಂಡದ ಅಭಿಮಾನಿಗಳ ಗೇಟ್. ಒಳಗೆ ಹೋಗಿ ಕಬ್ಬಿಣದ ಮೆಟ್ಟಿಲು ಹತ್ತುತ್ತಾ ಬಗ್ಗಿ ನೋಡಿದರೆ ಕೆಳಗೆ ಜನರ ಹಿತ್ತಲು. ಒಣಗೋಕೆ ಹಾಕಿದ ಬಟ್ಟೆ, ಮಕ್ಕಳ ಸೈಕಲ್. ಹತ್ತು ಸಾವಿರ ಜನ ಹಿಡಿಸುವ ಮೈದಾನ. 1905ರಿಂದ ಇದೆ. ಪ್ರೀಮಿಯರ್ ಲೀಗ್‌ಗೆ ಬಂದಾಗ ಟಿವಿ ಕ್ಯಾಮೆರಾ, ದೀಪ ಇವಕ್ಕೆಲ್ಲ ಜಾಗ ಮಾಡೋಕೆ ಒಂದು ಬದಿಯ ಸ್ಟ್ಯಾಂಡನ್ನೇ ಕೆಡವಿ ಕಟ್ಟಬೇಕಾಯಿತು. ಕೆಲಸ ಮುಗಿಯದೆ ಮೊದಲ ಹೋಮ್ ಮ್ಯಾಚ್ ಮುಂದೂಡಿದರು. ಕೊನೆಗೆ 2023ರ ಸೆಪ್ಟೆಂಬರ್ 1ರಂದು ಇಲ್ಲಿ ಮೊದಲ ಪ್ರೀಮಿಯರ್ ಲೀಗ್ ಮ್ಯಾಚ್ ಆಯಿತು. ಎದುರಾಳಿ ಯಾರು ಗೊತ್ತಾ? ಎಂಪಾಂಜುವನ್ನ ಬಿಟ್ಟುಕೊಟ್ಟ ಅದೇ ವೆಸ್ಟ್ ಹ್ಯಾಮ್. ನಾವು 2-1ರಿಂದ ಸೋತೆವು. ಆದರೂ ಯಾರೂ ಬೇಗ ಮನೆಗೆ ಹೋಗಲಿಲ್ಲ.

ಎಂಪಾಂಜು ಚೆಂಡು ಹಿಡಿದು ಓಡೋಕೆ ಶುರು ಮಾಡಿದರೆ ಇಲ್ಲಿ ಒಂದು ಸದ್ದು ಬರ್ತಿತ್ತು. ಜೈಕಾರ ಅಲ್ಲ, ಎಲ್ಲರೂ ಒಟ್ಟಿಗೆ ಎದ್ದು ನಿಲ್ಲುವಾಗ ಸೀಟುಗಳು ಮಡಚಿಕೊಳ್ಳುವ ಸದ್ದು. ಪಟಪಟಪಟ ಅಂತ. ನನ್ನ ಪಕ್ಕ ಕೂರುವ ಅಜ್ಜ ಐದನೇ ಹಂತದಲ್ಲಿದ್ದಾಗಲೂ ಸೀಸನ್ ಟಿಕೆಟ್ ಬಿಟ್ಟವರಲ್ಲ. ಅವರಿಗೆ ಅವನು ‘ನಮ್ಮ ಪೆಲಿ’.

---

ಚಹಾಮತ್ತುಸ್ಕೋರ್

ಸರಿ, ನನ್ನ ಮಾತು ಸ್ವಲ್ಪ ಅವಸರದ್ದು ಅಂತ ಒಪ್ತೀನಿ. ಆದರೆ ಲೂಟನ್ ಐದನೇ ಹಂತಕ್ಕೆ ಬಿದ್ದದ್ದಾದರೂ ಯಾಕೆ? ಅಷ್ಟು ಹಳೇ ಕ್ಲಬ್ ಅಲ್ವಾ?

---

ಬಸವನಗುಡಿ_17

ಅದು ನೋವಿನ ಕಥೆ. 1992ರಲ್ಲಿ ಲೂಟನ್ ಆಗ ಎಲ್ಲಕ್ಕಿಂತ ಮೇಲಿದ್ದ ಮೊದಲ ಡಿವಿಷನ್‌ನಿಂದ ಕೆಳಗೆ ಬಿದ್ದಿತು. ಮರು ಸೀಸನ್ನಿಗೇ ಪ್ರೀಮಿಯರ್ ಲೀಗ್ ಶುರು. ಒಂದೇ ಒಂದು ವರ್ಷದಲ್ಲಿ ತಪ್ಪಿಹೋಯಿತು. ಆಮೇಲೆ ದುಡ್ಡಿನ ತೊಂದರೆ. 2008-09ರ ಸೀಸನ್ ಶುರುವಾಗುವಾಗಲೇ 30 ಪಾಯಿಂಟ್ ಕಡಿತ. ಏಜೆಂಟ್‌ಗಳಿಗೆ ದುಡ್ಡು ಕೊಟ್ಟ ರೀತಿ ಸರಿ ಇರಲಿಲ್ಲ ಅಂತ 10, ದಿವಾಳಿ ಸ್ಥಿತಿಯಿಂದ ಹೊರಬಂದ ರೀತಿಗೆ ಇನ್ನೂ 20. ತಪ್ಪು ಮಾಡಿದವರು ಹಳೇ ಆಡಳಿತದವರು, ಶಿಕ್ಷೆ ಬಿದ್ದದ್ದು ಮೈದಾನದಲ್ಲಿ ಓಡುವವರ ಮೇಲೆ. 46 ಮ್ಯಾಚಿನ ಸೀಸನ್ನಿಗೆ ಮೈನಸ್ 30ರಿಂದ ಹೊರಟರೆ ಯಾರು ಉಳೀತಾರೆ? ಹಾಗಿದ್ದೂ ಅದೇ ವರ್ಷ ವೆಂಬ್ಲಿಯಲ್ಲಿ ಸ್ಕನ್‌ತೋರ್ಪ್ ತಂಡವನ್ನ ಸೋಲಿಸಿ ಲೀಗ್ ಟ್ರೋಫಿ ಗೆದ್ದರು.

ಕೆಳಗೆ ಬಿದ್ದ ಮೇಲೆ ನಾಲ್ಕು ಸೀಸನ್ ಮೇಲೆ ಬರೋಕಾಗಲಿಲ್ಲ. 2010, 2011, 2012 ಮೂರು ವರ್ಷ ಸಾಲಾಗಿ ಪ್ಲೇಆಫ್‌ನಲ್ಲಿ, ಅಂದರೆ ಮೇಲಿನ ಹಂತಕ್ಕೆ ಹೋಗೋ ಕೊನೇ ಜಾಗಕ್ಕಾಗಿ ನಡೆಯುವ ಪಂದ್ಯಗಳಲ್ಲಿ ಸೋಲು. 2011ರಲ್ಲಂತೂ ಎಎಫ್‌ಸಿ ವಿಂಬಲ್ಡನ್ ಎದುರು ಪೆನಾಲ್ಟಿಯಲ್ಲಿ ಹೋಯಿತು. ಎಂಪಾಂಜು ಬಂದದ್ದು ಇಂಥ ಗಾಯ ಇನ್ನೂ ಹಸಿ ಇದ್ದ ಊರಿಗೆ.

---

ಧಾರವಾಡ_ಮೈದಾನ

ಲ್ಯೂಕ್ ಬೆರಿ ಹೆಸರು ಯಾರೂ ಹೇಳಲಿಲ್ಲವಲ್ಲ ರೀ! ಅವನೂ ಮಿಡ್‌ಫೀಲ್ಡರ್. 2013-14ರಲ್ಲಿ ಲೂಟನ್ ಹಿಂದೆ ಎರಡನೇ ಸ್ಥಾನಕ್ಕೆ ಬಂತಲ್ಲ ಕೇಂಬ್ರಿಜ್ ಯುನೈಟೆಡ್, ಆ ತಂಡದಲ್ಲಿ ಆಡುತ್ತಿದ್ದ. ಎದುರು ಬದಿಯವನು. ಆಮೇಲೆ ಬಾರ್ನ್‌ಸ್ಲಿ, ಮತ್ತೆ ಕೇಂಬ್ರಿಜ್, 2017ರಲ್ಲಿ ಲೂಟನ್. ಅಲ್ಲಿಂದ ಅವನೂ ಎಂಪಾಂಜು ಜೊತೆ ನಾಲ್ಕನೇ ಹಂತದಿಂದ ಮೊದಲನೆಯದಕ್ಕೆ ಹತ್ತಿದ. 2024ರ ಮಾರ್ಚ್‌ನಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಎದುರು 1-0ರಿಂದ ಹಿಂದೆ ಇದ್ದಾಗ ಬೆಂಚಿನಿಂದ ಬಂದು 89ನೇ ನಿಮಿಷದಲ್ಲಿ ಗೋಲ್ ಹೊಡೆದ. ಆ ರಾತ್ರಿ ನಮ್ಮ ಮನೆಯವರೆಲ್ಲ ಎದ್ದರು, ನಾನು ಅಷ್ಟು ಕೂಗಿದ್ದೆ.

---

ಲೂಟನ್_ಕನ್ನಡಿಗ

ಬೆರಿ ಅಂದರೆ ವೆಂಬ್ಲಿ ನೆನಪಾಗುತ್ತೆ. 2023ರ ಮೇ 27, ಪ್ರೀಮಿಯರ್ ಲೀಗ್‌ಗೆ ಹೋಗೋಕೆ ಕವೆಂಟ್ರಿ ಎದುರು ಪ್ಲೇಆಫ್ ಫೈನಲ್. ನಾನು ಅಲ್ಲಿದ್ದೆ.

ಶುರುವಾಗಿ ಹತ್ತು ನಿಮಿಷ ಆಗಿರಲಿಲ್ಲ. ನಮ್ಮ ಕ್ಯಾಪ್ಟನ್ ಟಾಮ್ ಲಾಕ್ಯರ್ ಯಾರೂ ಮುಟ್ಟದೇ ಕುಸಿದು ಬಿದ್ದ. ಇಡೀ ಸ್ಟೇಡಿಯಂ ಮೌನ. ಆಸ್ಪತ್ರೆಗೆ ಕರೆದುಕೊಂಡು ಹೋದರು. ಆಟಗಾರರಿಗೆ ಆಮೇಲೆ ಹೇಗೆ ಆಡಬೇಕು ಅನ್ನಿಸಿತೋ. 23ನೇ ನಿಮಿಷದಲ್ಲಿ ಜೋರ್ಡನ್ ಕ್ಲಾರ್ಕ್ ಗೋಲ್. 66ರಲ್ಲಿ ಕವೆಂಟ್ರಿಯ ಹಾಮರ್ ಸಮ ಮಾಡಿದ. ಆಟ ಸಮವಾಗೇ ಮುಗಿದು ಪೆನಾಲ್ಟಿ ಶೂಟೌಟ್ ಬಂತು. ಒಬ್ಬರಾದ ಮೇಲೆ ಒಬ್ಬರು ಹೊಡೆಯುತ್ತಾ ಹೋದರು, ಯಾರೂ ತಪ್ಪಿಸಲಿಲ್ಲ. ಐದನೆಯದು ಬೆರಿ. ಆರನೆಯದು ಡ್ಯಾನ್ ಪಾಟ್ಸ್. ಅವನೂ ವೆಸ್ಟ್ ಹ್ಯಾಮ್‌ನಲ್ಲಿ ಬೆಳೆದು ಲೂಟನ್‌ಗೆ ಬಂದವನೇ. ಆಮೇಲೆ ಕವೆಂಟ್ರಿಯ ಡಾಬೊ ಚೆಂಡನ್ನ ಬಾರ್ ಮೇಲಿಂದ ಆಚೆ ಹೊಡೆದ. 6-5.

ಆ ಒಂದು ಗೆಲುವಿನ ಬೆಲೆ ಕನಿಷ್ಠ 17 ಕೋಟಿ ಪೌಂಡ್ ಅಂತ ಲೆಕ್ಕಪತ್ರ ಸಂಸ್ಥೆ ಡೆಲಾಯ್ಟ್ ಲೆಕ್ಕ ಹಾಕಿತ್ತು. ನನ್ನ ಕಣ್ಣಿಗೆ ಕಂಡದ್ದು ಮಾತ್ರ ಕುಸಿದ ಡಾಬೊ. ಅವನ ಬಗ್ಗೆ ಇವತ್ತಿಗೂ ಸಂಕಟ ಆಗುತ್ತೆ. ಮೈದಾನದ ಇನ್ನೊಂದು ತುದಿಯಲ್ಲಿ ಎಂಪಾಂಜು ಮುಖ ಮುಚ್ಚಿಕೊಂಡವರ, ಅಪ್ಪಿಕೊಂಡವರ ಗುಂಪಿನಲ್ಲಿ ಇದ್ದ. ನನ್ನ ಪಕ್ಕದ ಅಜ್ಜ ಒಂದು ಮಾತೂ ಆಡಲಿಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡ್ಕೊಂಡು ನಿಂತಿದ್ದರು.

---

ಗೌತಮಪುರ_ಆರನೇನಂಬರ್

ಒಳ್ಳೇ ದಿನಗಳನ್ನ ಹೇಳ್ತಾ ಇದ್ದೀವಿ. ನಡುವಿನ ಸೋಲುಗಳನ್ನೂ ಹೇಳಬೇಕು. 2017ರ ಲೀಗ್ ಟೂ ಪ್ಲೇಆಫ್‌ನಲ್ಲಿ ಬ್ಲ್ಯಾಕ್‌ಪೂಲ್ ಎದುರು ಎರಡು ಮ್ಯಾಚ್ ಸೇರಿ 6-5ರಿಂದ ಸೋಲು. ಕೊನೇ ಗಳಿಗೆಯಲ್ಲಿ ನಮ್ಮದೇ ಗೋಲ್‌ಕೀಪರ್‌ಗೆ ತಗುಲಿ ಒಳಗೆ ಹೋಯಿತು. 2020ರಲ್ಲಿ ಚಾಂಪಿಯನ್‌ಶಿಪ್‌ನಿಂದ ಬೀಳೋದು ತಪ್ಪಿದ್ದು ಕೊನೇ ದಿನ, ಬ್ಲ್ಯಾಕ್‌ಬರ್ನ್ ವಿರುದ್ಧ 3-2 ಗೆದ್ದು. 2022ರ ಪ್ಲೇಆಫ್‌ನಲ್ಲಿ ಹಡರ್ಸ್‌ಫೀಲ್ಡ್ ಎದುರು ಸೋಲು. ಪ್ರತಿ ಸೋಲಿನ ನಂತರ ಆರು ವಾರ ರಜೆ, ಮತ್ತೆ ಜುಲೈನಲ್ಲಿ ಓಟ ಶುರು. ಆ ಜುಲೈ ಓಟವನ್ನ ಓಡಿದವರಿಗೇ ಗೊತ್ತು.

---

ಹೆಬ್ಬಾಳದ_ಅಮ್ಮ

ನಾನು ಫುಟ್‌ಬಾಲ್ ಅಷ್ಟಾಗಿ ತಿಳಿದವಳಲ್ಲ. ಮಗನ ಸಲುವಾಗಿ ಓದ್ತೀನಿ. ಅವನಿಗೆ 14. ಮಿಡ್‌ಫೀಲ್ಡ್‌ನಲ್ಲೇ ಆಡ್ತಾನೆ. ಕಳೆದ ತಿಂಗಳು ಒಂದು ಅಕಾಡೆಮಿಯವರು ಅವನನ್ನ ಕೈಬಿಟ್ಟರು. ಕಾರಣ ಹೇಳಲಿಲ್ಲ, ವಾಟ್ಸಾಪ್‌ನಲ್ಲಿ ಒಂದು ಪಟ್ಟಿ ಹಾಕಿದರು, ಅದರಲ್ಲಿ ಇವನ ಹೆಸರು ಇರಲಿಲ್ಲ. ಅವತ್ತಿನಿಂದ ಶೂ ಮುಟ್ಟಿಲ್ಲ. ಈ ನಡುವೆ ಒಬ್ಬ ಏಜೆಂಟ್ ಇಂಗ್ಲೆಂಡಿಗೆ ಟ್ರಯಲ್‌ಗೆ ಕಳಿಸ್ತೀನಿ, ನಾಲ್ಕು ಲಕ್ಷ ಕೊಡಿ ಅಂತಾರೆ. ಏನು ಮಾಡಲಿ?

---

ಬಸವನಗುಡಿ_17

ಅಮ್ಮಾ, ದಯವಿಟ್ಟು ಆ ದುಡ್ಡು ಕೊಡಬೇಡಿ. ನಿಯಮ ಹೀಗಿದೆ. 18 ತುಂಬುವ ಮೊದಲು ಒಂದು ದೇಶದಿಂದ ಇನ್ನೊಂದು ದೇಶದ ಕ್ಲಬ್‌ಗೆ ಆಟಗಾರನ ವರ್ಗಾವಣೆಯನ್ನ ಫಿಫಾ ಒಪ್ಪಲ್ಲ. ಅಪ್ಪ ಅಮ್ಮ ಬೇರೆ ಕೆಲಸದ ಮೇಲೆ ಅಲ್ಲಿಗೆ ಹೋಗಿ ನೆಲೆಸಿದ್ದರೆ, ಹೀಗೆ ಕೆಲವೇ ವಿನಾಯಿತಿ ಇವೆ. 18 ಆದ ಮೇಲೂ ಇಂಗ್ಲೆಂಡಿನ ವರ್ಕ್ ಪರ್ಮಿಟ್ ದೊಡ್ಡ ಗೋಡೆ. ಸುನಿಲ್ ಛೆಟ್ರಿಯನ್ನ 2009ರಲ್ಲಿ ಕ್ವೀನ್ಸ್ ಪಾರ್ಕ್ ರೇಂಜರ್ಸ್ ತಗೊಳ್ಳೋಕೆ ತಯಾರಿತ್ತು, ಪರ್ಮಿಟ್ ಸಿಗಲಿಲ್ಲ. ಭಾರತ ರ‍್ಯಾಂಕಿಂಗ್‌ನಲ್ಲಿ ಬಹಳ ಕೆಳಗಿತ್ತು. ಬೈಚುಂಗ್ ಭುಟಿಯಾ 1999ರಲ್ಲಿ ಇಂಗ್ಲೆಂಡಿನ ‘ಬರಿ’ ಅನ್ನೋ ಕ್ಲಬ್‌ಗೆ ಹೋದದ್ದು ಭಾರತ ತಂಡದಲ್ಲಿ ಹೆಸರು ಮಾಡಿದ ಮೇಲೆ. ಟ್ರಯಲ್ ಅಂತ ಕರೆದುಕೊಂಡು ಹೋಗಿ ಒಂದು ವಾರ ಯಾವುದೋ ಪಾರ್ಕ್‌ನಲ್ಲಿ ಆಡಿಸಿ, ಫೋಟೊ ತೆಗೆದು ವಾಪಸ್ ಕಳಿಸುವವರು ಇದ್ದಾರೆ.

ಕೈಬಿಟ್ಟದ್ದರ ಬಗ್ಗೆ. ಅಲ್ಲಿನ ಹುಡುಗರಿಗೂ ಇದೇ ಆಗುತ್ತೆ. 16ಕ್ಕೆ ಎರಡು ವರ್ಷದ ಸ್ಕಾಲರ್‌ಶಿಪ್ ಸಿಗುತ್ತೆ. 18ಕ್ಕೆ ಕಾಂಟ್ರಾಕ್ಟ್ ಕೊಡಬೇಕಾ ಬೇಡವಾ ತೀರ್ಮಾನ. ಹೆಚ್ಚಿನವರಿಗೆ ಬೇಡ ಅಂತಲೇ ಬರುತ್ತೆ. ದೊಡ್ಡವರಿಗೂ ಸೀಸನ್ ಮುಗಿದ ಮೇಲೆ ಕ್ಲಬ್ ಒಂದು ಪಟ್ಟಿ ಹಾಕುತ್ತೆ, ಯಾರು ಉಳೀತಾರೆ ಯಾರು ಹೋಗ್ತಾರೆ ಅಂತ. ಜೂನ್ 30ಕ್ಕೆ ಕಾಂಟ್ರಾಕ್ಟ್ ಮುಗಿದರೆ ಜುಲೈ 1ಕ್ಕೆ ಸಂಬಳ ಇಲ್ಲ. ಹೆಂಡತಿ ಮಕ್ಕಳು ಇರುವವರ ಕಥೆಯೂ ಅಷ್ಟೇ. ಕೆಳಗಿನ ಲೀಗ್ ಆಟಗಾರನ ಜೀವನ ಅಂದರೆ ವರ್ಷ ವರ್ಷ ಆ ಪಟ್ಟಿ ನೋಡೋದು.

---

ಲೂಟನ್_ಕನ್ನಡಿಗ

ಅಕ್ಕಾ, ಬಸವನಗುಡಿ ಅವರು ಹೇಳಿದ್ದು ಪೂರ್ತಿ ನಿಜ. ನನ್ನ ಕೆಲಸದ ಜಾಗದಲ್ಲೇ ಒಬ್ಬ ಹುಡುಗ ಇದ್ದಾನೆ, ಅಕಾಡೆಮಿಯಲ್ಲಿ 18ರವರೆಗೆ ಇದ್ದು ಹೊರಬಂದವನು. ಈಗ ವ್ಯಾನ್ ಓಡಿಸ್ತಾನೆ, ಶನಿವಾರ ಸಣ್ಣ ಕ್ಲಬ್‌ಗೆ ಆಡ್ತಾನೆ. ಎರಡು ವರ್ಷ ಚೆಂಡು ಮುಟ್ಟಿರಲಿಲ್ಲ ಅಂತ ಹೇಳಿದ. ಮತ್ತೆ ಆಡೋಕೆ ಕರೆದದ್ದು ಅವನ ಅಕ್ಕನಂತೆ.

---

ಚಹಾಮತ್ತುಸ್ಕೋರ್

ನಾನು ಶುರುವಿನಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತು. ಒಂದು ಮಾತ್ರ ಉಳಿದಿದೆ. ಲೂಟನ್ 2024ರಲ್ಲಿ 26 ಪಾಯಿಂಟ್‌ಗೆ 18ನೇ ಸ್ಥಾನದಲ್ಲಿ ಮುಗಿಸಿ ಕೆಳಗೆ ಬಿದ್ದಿತು, ಮರುವರ್ಷ ಇನ್ನೊಂದು ಹಂತ ಬಿದ್ದಿತು. ಹಾಗಿದ್ದರೆ ಅಷ್ಟೆಲ್ಲ ಹತ್ತಿದ್ದು ಏನಾಯಿತು?

---

ಗೌತಮಪುರ_ಆರನೇನಂಬರ್

ಆ ಒಂದು ಸೀಸನ್ನಿಗೆ ರಾಸ್ ಬಾರ್ಕ್ಲಿ ಬಂದ, ಆರ್ಸೆನಲ್‌ನಿಂದ ಲೊಕೊಂಗಾ ಲೋನ್ ಮೇಲೆ ಬಂದ, ನಕಾಂಬಾ ಖಾಯಂ ಆದ. ಎಲ್ಲ ಮಿಡ್‌ಫೀಲ್ಡರ್‌ಗಳೇ. ಅವರ ನಡುವೆಯೂ ಎಂಪಾಂಜುಗೆ ಜರ್ಸಿ ಸಿಗ್ತಾ ಇತ್ತು. ಲಿವರ್‌ಪೂಲ್ ಎದುರು 1-1, ನ್ಯೂಕಾಸಲ್ ಮೇಲೆ 1-0, ಬ್ರೈಟನ್ ಮೇಲೆ 4-0. ಇವೆಲ್ಲ ಹತ್ತು ಸಾವಿರ ಸೀಟಿನ ಆ ಮೈದಾನದಲ್ಲಿ ಆದದ್ದು. ಆದದ್ದು ಆಯಿತು, ಯಾರೂ ಅಳಿಸೋಕಾಗಲ್ಲ.

ಹೆಬ್ಬಾಳದ ಅಮ್ಮ, ನಿಮ್ಮ ಮಗನ ವಿಷಯಕ್ಕೆ ಬರ್ತೀನಿ. ಶನಿವಾರ, ಭಾನುವಾರ ಬೆಳಿಗ್ಗೆ ಆರೂವರೆಗೆ ನಮ್ಮ ಹುಡುಗರು ಆಡ್ತಾರೆ. ದುಡ್ಡು ಏನೂ ಬೇಡ. ಗೌತಮಪುರದ ಪೆಲೆ ಪ್ರತಿಮೆ ಹತ್ತಿರ ಬಂದು ಕೇಳಿದರೆ ಯಾರು ಬೇಕಾದರೂ ಮೈದಾನ ತೋರಿಸ್ತಾರೆ. ಮೊದಲ ದಿನ ಆಡಲೇಬೇಕು ಅಂತಿಲ್ಲ, ಸುಮ್ನೆ ಬಂದು ಕೂತು ನೋಡಲಿ.

---

ಹೆಬ್ಬಾಳದ_ಅಮ್ಮ

ಸಾರ್, ನೀವು ಬರೆದದ್ದನ್ನ ಅವನಿಗೆ ಓದಿ ಹೇಳಿದೆ. ಭುಜದ ಮೇಲಿಂದ ಹಿಂದೆ ನೋಡೋದು ಅಂದರೆ ಯಾವಾಗ, ಚೆಂಡು ಬರುವ ಮೊದಲಾ ಬಂದ ಮೇಲಾ ಅಂತ ಕೇಳ್ತಾ ಇದ್ದಾನೆ. ಶೂ ಹೊರಗೆ ತೆಗೆದು ಮಣ್ಣು ಒರೆಸ್ತಾ ಇದ್ದಾನೆ. ಶನಿವಾರ ಬರ್ತೀವಿ.